ಬಾಗಿಲ ಮುಂದಿನ ಹರವಿ: ಸಣ್ಣ ಉಪಕಾರ ದಿನದ ರೂಢಿಯಾಗುವ ಬಗೆ

ರಾಯಚೂರಿನಲ್ಲಿ ಏಪ್ರಿಲ್ ಬಂತೆಂದರೆ ಬೆಳಿಗ್ಗೆ ಹನ್ನೊಂದಕ್ಕೇ ಓಣಿ ಖಾಲಿ. ಬಿಸಿಲು 40 ಡಿಗ್ರಿ ದಾಟುತ್ತದೆ, ಮೇ ತಿಂಗಳಲ್ಲಿ ಇನ್ನೂ ಏರುತ್ತದೆ. ನಮ್ಮ ಮನೆ ಬಾಗಿಲ ಪಕ್ಕ, ಬೇವಿನ ನೆರಳು ಬೀಳುವ ಕಡೆ, ಒಂದು ಹರವಿ ಇದೆ, ದಾರಿಹೋಕರಿಗೆ ಕುಡಿಯುವ ನೀರು ತುಂಬಿಡುವ ಮಣ್ಣಿನ ಗಡಿಗೆ. ಕೆಳಗೆ ಮೂರು ಕಲ್ಲು, ಕಲ್ಲಿನ ನಡುವೆ ಮರಳು, ಹರವಿಯ ಸುತ್ತ ಒದ್ದೆ ಗೋಣಿತಟ್ಟು, ಬಾಯಿಗೆ ಒಂದು ಹಿತ್ತಾಳೆ ತಟ್ಟೆ, ತಟ್ಟೆಯ ಮೇಲೆ ಬೋರಲು ಹಾಕಿದ ಸ್ಟೀಲ್ ಗ್ಲಾಸು. ಶಿವರಾತ್ರಿ ಮುಗಿದ ಮರುದಿನ ಅವ್ವ ಅದನ್ನು ಇಡುತ್ತಿದ್ದಳು. ಮಿರಗದ, ಅಂದರೆ ಮೃಗಶಿರದ ಮಳೆ ಬಿದ್ದ ಮೇಲೇ ತೆಗೆಯುತ್ತಿದ್ದಳು.

ನಸುಕಿನಲ್ಲಿ ನಲ್ಲಿ ಬಂದ ಕೂಡಲೇ ಮೊದಲ ಕೊಡ ಆ ಹರವಿಗೆ. ಆಮೇಲೆ ಅಡುಗೆ ಮನೆಗೆ. ಈ ಕ್ರಮ ಒಂದು ದಿನವೂ ಹಿಂದುಮುಂದಾಗಿದ್ದನ್ನು ನಾನು ನೋಡಿಲ್ಲ. ಅದನ್ನು ಅವಳು ಪುಣ್ಯ ಎಂದೂ ಕರೆಯಲಿಲ್ಲ, ಸೇವೆ ಎಂದೂ ಕರೆಯಲಿಲ್ಲ. ಕಸ ಹೊಡೆದ ಹಾಗೆ, ರಂಗೋಲಿ ಹಾಕಿದ ಹಾಗೆ ಅದೂ ಒಂದು ಕೆಲಸ. ಊರ ದೊಡ್ಡ ಬಜಾರಿನಲ್ಲಿ, ಗುಡಿ ಮಸೀದಿಗಳ ಮುಂದೆ ಇಡುವ ಅರವಟ್ಟಿಗೆಯ ಒಂದು ಚಿಕ್ಕ ತುಣುಕು ನಮ್ಮ ಬಾಗಿಲಲ್ಲಿತ್ತು, ಅಷ್ಟೆ.

ಅವ್ವನ ಮನಸ್ಸು ದೊಡ್ಡದು, ನನ್ನದು ಅಷ್ಟು ದೊಡ್ಡದಲ್ಲ ಎಂದು ನಾನು ಬಹಳ ವರ್ಷ ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಅವಳ ಮನಸ್ಸು ದೊಡ್ಡದೇ. ಆದರೆ ದಿನವೂ ಹರವಿ ತುಂಬಿಸಿದ್ದು ಆ ಮನಸ್ಸೊಂದೇ ಅಲ್ಲ, ಅವಳು ಮಾಡಿಕೊಂಡಿದ್ದ ಏರ್ಪಾಡು ಕೂಡ. ಮೊದಲ ಕೊಡ ಎಲ್ಲಿಗೆ ಎಂದು ಅವಳು ಬೆಳಿಗ್ಗೆ ಎದ್ದು ಯೋಚಿಸಬೇಕಿರಲಿಲ್ಲ. ಒಳ್ಳೆಯ ಮನಸ್ಸಿದ್ದರೆ ಒಳ್ಳೆಯ ಕೆಲಸ ತಾನಾಗಿ ಆಗುತ್ತದೆ ಎಂದು ನಾವು ನಂಬಿರುತ್ತೇವೆ. ಆ ನಂಬಿಕೆ ಎಷ್ಟು ಟೊಳ್ಳು ಎಂದು ನನಗೆ ಗೊತ್ತಾದದ್ದು ಒಂದು ಮೇ ತಿಂಗಳಲ್ಲಿ.

ಮಾನ್ವಿಗೆ ಹೋಗುವ ಒಂಬತ್ತೂವರೆ ಬಸ್ಸು ಹಿಡಿಯಲು ಓಡುತ್ತಿದ್ದೆ. ಬಸ್ ನಿಲ್ದಾಣದ ಹೊರಗೆ, ಕಾಂಪೌಂಡಿಗೆ ಒರಗಿ ಒಬ್ಬ ಮುದುಕ ತಲೆ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಒಂದು ಕೈಚೀಲ, ಒಂದು ಚಪ್ಪಲಿ ಕಾಲಿನಿಂದ ಜಾರಿತ್ತು. ನೋಡಿದೆ. ಚಪ್ಪಲಿ ಜಾರಿದ್ದು ಸಮೇತ ನೆನಪಿರುವಷ್ಟು ಚೆನ್ನಾಗಿ ನೋಡಿದೆ. ಬಸ್ಸು ಹೊರಡುತ್ತಿತ್ತು, ಹತ್ತಿದೆ. ನನ್ನ ಚೀಲದಲ್ಲಿ ಒಂದು ಲೀಟರ್ ತಣ್ಣನೆಯ ನೀರಿತ್ತು, ನಮ್ಮದೇ ಹರವಿಯದು. ಸಂಜೆ ಚಹಾದಂಗಡಿಯವರು ಹೇಳಿದರು: "ಮುಂಜಾನಿ ಆ ಅಜ್ಜ ಬಿದ್ದಬಿಟ್ಟಿದ್ದರಿ. ಬಿಸಲಿಗೆ ಕಣ್ಣಿಗೆ ಕತ್ತಲ ಬಂದೈತಿ. ಹಣ್ಣಿನ ಗಾಡಿಯಾಕಿ ನೀರ್ ಹಾಕಿ ಎಬ್ಬಿಸಿದ್ಲು."

ಆ ಬೆಳಿಗ್ಗೆ ನಾನು ಕೆಟ್ಟವನಾಗಿರಲಿಲ್ಲ, ಅವಸರದಲ್ಲಿದ್ದೆ. ಇದು ನೆಪದ ಮಾತಲ್ಲ, ಪರೀಕ್ಷೆ ಮಾಡಿ ನೋಡಿದ ಮಾತು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಃಶಾಸ್ತ್ರಜ್ಞರು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿದರು. ಕೆಲವರಿಗೆ ಕೊಟ್ಟ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಉಪಚರಿಸಿದ ಸಮಾರ್ಯದವನ ಬೈಬಲ್ ಕಥೆ. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲಿಗೆ ಕುಸಿದು, ಕೆಮ್ಮುತ್ತ ನರಳುತ್ತ ಬಿದ್ದಿದ್ದ. ಅವನನ್ನು ಬೇಕೆಂದೇ ಅಲ್ಲಿ ಕೂರಿಸಿದ್ದರು. "ಇನ್ನೂ ಸಮಯವಿದೆ" ಎಂದು ಕಳಿಸಿದವರಲ್ಲಿ 63 ಶೇಕಡಾ ಮಂದಿ ನಿಂತು ವಿಚಾರಿಸಿದರು. "ಆಗಲೇ ತಡವಾಯಿತು, ಓಡು" ಎಂದು ಕಳಿಸಿದವರಲ್ಲಿ ನಿಂತದ್ದು 10 ಶೇಕಡಾ. ಭಾಷಣದ ವಿಷಯ ಕರುಣೆಯ ಕಥೆಯೋ ಬೇರೆಯೋ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. 1973ರಲ್ಲಿ ಪ್ರಕಟವಾದ ಅಧ್ಯಯನ ಅದು. ಅದನ್ನು ಓದಿದ ದಿನ ನನಗೆ ಆ ಜಾರಿದ ಚಪ್ಪಲಿ ಕಣ್ಣಮುಂದೆ ಬಂತು.

ಹಾಗಾದರೆ ಮಾಡಬೇಕಾದ ಮೊದಲ ಕೆಲಸ ಮನಸ್ಸನ್ನು ದೊಡ್ಡದು ಮಾಡಿಕೊಳ್ಳುವುದಲ್ಲ, ಹತ್ತು ನಿಮಿಷ ಮೊದಲು ಮನೆ ಬಿಡುವುದು. ಕೇಳಲು ತೀರಾ ಸಾದಾ ಮಾತು. ಆದರೆ ನಿಲ್ಲಲು ಸಮಯವೇ ಇಲ್ಲದವನ ಕರುಣೆ ಯಾರಿಗೆ ಮುಟ್ಟೀತು?

ಎರಡನೆಯದು ಗೂಟ. ಕರುವನ್ನು ಬಯಲಿಗೆ ಬಿಟ್ಟರೆ ಎಲ್ಲೋ ಹೋಗುತ್ತದೆ, ಗೂಟಕ್ಕೆ ಕಟ್ಟಿದರೆ ಅಲ್ಲೇ ಸಿಗುತ್ತದೆ. ಒಳ್ಳೆಯ ಸಂಕಲ್ಪವೂ ಹಾಗೇ. "ಇನ್ನು ಮೇಲೆ ಎಲ್ಲರಿಗೂ ಸಹಾಯ ಮಾಡುತ್ತೇನೆ" ಎನ್ನುವುದು ಬಯಲಿಗೆ ಬಿಟ್ಟ ಕರು. "ಬಸ್ಸು ಹತ್ತಿ ಸೀಟು ಸಿಕ್ಕ ಕೂಡಲೇ ಒಮ್ಮೆ ಹಿಂದೆ ತಿರುಗಿ, ನಿಂತವರಲ್ಲಿ ಕೂಸು ಎತ್ತಿಕೊಂಡವರು ಇದ್ದಾರಾ ನೋಡುತ್ತೇನೆ" ಎನ್ನುವುದು ಗೂಟಕ್ಕೆ ಕಟ್ಟಿದ ಕರು. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಸರ್ "ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ" ಎಂಬ ಈ ಬಗೆಯ ನಿಶ್ಚಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಪ್ಯಾಸ್ಕಲ್ ಶೀರನ್ ಜೊತೆ 2006ರಲ್ಲಿ 94 ಪರೀಕ್ಷೆಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬರೀ ಆಸೆ ಇಟ್ಟುಕೊಂಡವರಿಗಿಂತ ಹೀಗೆ ಸಮಯ, ಜಾಗ ಗೊತ್ತು ಮಾಡಿಕೊಂಡವರು ಗುರಿ ಮುಟ್ಟಿದ್ದು ಸ್ಪಷ್ಟವಾಗಿ ಹೆಚ್ಚು.

ಕಾರಣ ಮಿದುಳಿನ ಒಳಗಿದೆ. ಹೊಸ ಕೆಲಸವನ್ನು ಮೊದಲ ಸಲ ಮಾಡುವಾಗ ಹಣೆಯ ಹಿಂದಿನ ಭಾಗ ದುಡಿಯುತ್ತದೆ: ಮಾಡಲೋ ಬೇಡವೋ, ಯಾರೇನು ಅಂದಾರು, ಎಷ್ಟು ಹೊತ್ತಾದೀತು. ಇದು ದಣಿವಿನ ಕೆಲಸ. ಅದೇ ಸುಳಿವು, ಅದೇ ಕೆಲಸ, ಕೊನೆಗೆ ಒಂದು ಚಿಕ್ಕ ಸಮಾಧಾನ ಎಂದು ಮತ್ತೆ ಮತ್ತೆ ನಡೆದಾಗ ಹೊಣೆ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗಕ್ಕೆ ಸರಿಯುತ್ತದೆ. ಸೈಕಲ್ ತುಳಿಯುವಾಗ ತುಳಿಯುವುದರ ಬಗ್ಗೆ ನಾವು ಯೋಚಿಸುವುದಿಲ್ಲವಲ್ಲ, ಹಾಗೆ. ನಲ್ಲಿಯ ಸದ್ದು ಅವ್ವನಿಗೆ ಸುಳಿವು. ಸದ್ದು ಕೇಳಿದ ಮೇಲೆ ಕೈ ತಾನಾಗಿ ಹರವಿಯ ಕಡೆ ಹೋಗುತ್ತಿತ್ತು.

ಇದಕ್ಕೆ ಎಷ್ಟು ದಿನ ಬೇಕು? 21 ದಿನ ಎಂದು ವಾಟ್ಸಾಪಿನಲ್ಲಿ ತಿರುಗುವ ಮಾತಿಗೆ ಬುಡ ಗಟ್ಟಿಯಿಲ್ಲ. ಮುಖದ ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಲು ಕನಿಷ್ಠ 21 ದಿನ ಹಿಡಿಯುತ್ತದೆ ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದದ್ದು ಬಾಯಿಂದ ಬಾಯಿಗೆ ಹೋಗಿ ಹೀಗಾಯಿತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿದರು. ತಿಂಡಿಯಾದ ಮೇಲೆ ಒಂದು ಗ್ಲಾಸು ನೀರು ಕುಡಿಯುವಂಥ ಸರಳ ರೂಢಿಗಳು. ಯೋಚಿಸದೆ ಮಾಡುವ ಹಂತಕ್ಕೆ ಬರಲು ಕೆಲವರಿಗೆ 18 ದಿನ ಸಾಕಾಯಿತು, ಕೆಲವರ ಲೆಕ್ಕ 254 ದಿನಕ್ಕೆ ಹೋಯಿತು, ನಡುವಿನ ಅಂಕಿ 66. ಅದರಲ್ಲಿ ನನಗೆ ಬಹಳ ಧೈರ್ಯ ಕೊಟ್ಟದ್ದು ಇನ್ನೊಂದು ಸಂಗತಿ: ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ. ಮರುದಿನ ಮುಂದುವರಿಸಿದರೆ ಆಯಿತು. ಒಂದು ದಿನ ತಪ್ಪಿತೆಂದು ಬೇಸರಪಟ್ಟು ಪೂರಾ ಕೈಬಿಡುತ್ತೇವಲ್ಲ, ಕೆಡುವುದು ಅಲ್ಲಿ.

ನಿಧಾನವಾಗುತ್ತದೆ ಎಂದು ನಾಚಬೇಕಿಲ್ಲ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದದ್ದು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಖಚಿತವಾದದ್ದು ಈ ಬಂಡೆಯಿಂದ ಎಂದು ಶಾಲೆಯಲ್ಲಿ ಓದುತ್ತೇವೆ, ಅಲ್ಲಿಗೆ ಬಿಡುತ್ತೇವೆ. ಇದೇ ಒಕ್ಕಣೆಯ ಪ್ರತಿಗಳು ಕೊಪ್ಪಳದ ಗವಿಮಠದಲ್ಲಿವೆ, ಪಾಲ್ಕಿಗುಂಡಿನಲ್ಲಿವೆ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳದಲ್ಲಿವೆ. ಮೂರೂ ಜಿಲ್ಲೆಗಳ ಬಂಡೆಗಳ ಮೇಲೆ ಒಂದೇ ಮಾತು. ಏನದು? ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು ಎನ್ನುತ್ತಾನೆ ದೊರೆ. ಅದರಲ್ಲಿ ಒಂದು ವರ್ಷ ತಾನು ಸರಿಯಾಗಿ ಪ್ರಯತ್ನ ಮಾಡಲೇ ಇಲ್ಲ ಎಂದು ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪ್ರತಿಯಲ್ಲಿ ಒಪ್ಪಿಕೊಳ್ಳುತ್ತಾನೆ. ಚಕ್ರವರ್ತಿಗೇ ಒಂದು ವರ್ಷ ರೂಢಿ ಕೈಹಿಡಿಯಲಿಲ್ಲ! ಮಸ್ಕಿಯ ಬಂಡೆ ಮುಂದುವರಿದು ಹೇಳುತ್ತದೆ: ಧರ್ಮದಲ್ಲಿ ನಡೆದು ಪಡೆಯುವ ಈ ಫಲ ಉಡಾಲಕರಿಗೆ, ಅಂದರೆ ದೊಡ್ಡವರಿಗೆ ಮಾತ್ರ ಸಿಗುವುದೆಂದು ತಿಳಿಯಬೇಡಿ, ಖುದಕನಿಗೂ, ಅಂದರೆ ಸಣ್ಣ ಮನುಷ್ಯನಿಗೂ ಸಾಧ್ಯ. ಹೀಗೆ ನಡೆದರೆ ಇದು ಬಹಳ ಕಾಲ ಬಾಳುತ್ತದೆ, ಒಂದೂವರೆ ಪಟ್ಟು ಬೆಳೆಯುತ್ತದೆ. ನೂರು ಪಟ್ಟು ಎನ್ನಲಿಲ್ಲ, ಸಾವಿರ ಪಟ್ಟು ಎನ್ನಲಿಲ್ಲ. ಒಂದೂವರೆ. ಆ ಲೆಕ್ಕದ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ.

ಸಮಯವಿದ್ದರೂ ಗೂಟವಿದ್ದರೂ ಕಾಲು ಹಿಂದೆಳೆಯುವ ಇನ್ನೊಂದಿದೆ: ಸಂಕೋಚ. "ನಾನು ಹೋಗಿ ಕೇಳಿದರೆ ಏನಂದುಕೊಂಡಾರು?" "ಇಷ್ಟು ಸಣ್ಣದು ಕೊಟ್ಟರೆ ಏನು ಚೆಂದ?" ಅಮಿತ್ ಕುಮಾರ್, ನಿಕೋಲಸ್ ಎಪ್ಲಿ ಎಂಬಿಬ್ಬರು ಇದನ್ನೇ ಅಳೆದು ನೋಡಿದರು. ಶಿಕಾಗೋದ ಚಳಿಯಲ್ಲಿ ಮಂಜಿನ ಮೇಲೆ ಜಾರುವ ಆಟಕ್ಕೆ ಬಂದವರಿಗೆ ಒಂದು ಲೋಟ ಬಿಸಿ ಚಾಕೊಲೇಟ್ ಕೊಟ್ಟು, ಬೇಕಾದರೆ ಇದನ್ನು ಗುರುತಿಲ್ಲದ ಯಾರಿಗಾದರೂ ಕೊಡಿ ಎಂದರು. ಪಡೆದವರಿಗೆ ಎಷ್ಟು ಖುಷಿಯಾದೀತು ಎಂದು ಕೊಟ್ಟವರು ಅಂದಾಜು ಮಾಡಿದರು, ಎಷ್ಟು ಖುಷಿಯಾಯಿತು ಎಂದು ಪಡೆದವರು ಹೇಳಿದರು. ಕೊಟ್ಟವರ ಅಂದಾಜು ಕಡಿಮೆಯೇ ಇತ್ತು. ಕೊಡುವವನ ಕಣ್ಣು ವಸ್ತುವಿನ ಮೇಲೆ: ಒಂದು ಲೋಟ, ಹತ್ತು ರೂಪಾಯಿ, ಒಂದು ಸೀಟು. ಪಡೆಯುವವನಿಗೆ ಮುಟ್ಟುವುದು ವಸ್ತುವಿನ ಜೊತೆ ಬಂದ ಆಸ್ಥೆ. ಬಿಸಿಲಲ್ಲಿ ನಡೆದು ಬಂದವನಿಗೆ "ಬರ್ರಿ, ನೆಳ್ಳಿಗೆ ಕುಂದರ್ರಿ" ಎಂದಾಗ ಆ ಮುಖ ಸಡಿಲಗೊಳ್ಳುವುದನ್ನು ಕಂಡವರಿಗೆ ಇದಕ್ಕೆ ಪರೀಕ್ಷೆಯೇ ಬೇಡ.

ಸಂಕೋಚಕ್ಕೆ ಒಬ್ಬ ತಮ್ಮನಿದ್ದಾನೆ, "ಬೇರೆ ಯಾರಾದರೂ ಮಾಡುತ್ತಾರೆ ಬಿಡು" ಎನ್ನುವವನು. ಡಾರ್ಲಿ ಮತ್ತು ಬಿಬ್ ಲತಾನೆ 1968ರಲ್ಲಿ ತೋರಿಸಿದ್ದು: ಆಚೆ ಕೋಣೆಯಲ್ಲಿ ಒಬ್ಬನಿಗೆ ಫಿಟ್ಸ್ ಬಂದ ಸದ್ದನ್ನು ತಾನೊಬ್ಬನೇ ಕೇಳುತ್ತಿದ್ದೇನೆ ಎಂದುಕೊಂಡವರಲ್ಲಿ 85 ಶೇಕಡಾ ಮಂದಿ ಆ ಸದ್ದು ನಿಲ್ಲುವ ಮೊದಲೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಅಷ್ಟರೊಳಗೆ ಎದ್ದದ್ದು 31 ಶೇಕಡಾ. ಬಸ್ ನಿಲ್ದಾಣದಂಥ ಗದ್ದಲದಲ್ಲಿ ಮುದುಕ ಕುಸಿಯುವುದೂ ಹೀಗೇ, ನೂರು ಜನರ ನಡುವೆ ಒಂಟಿಯಾಗಿ. ರಸ್ತೆ ಅಪಘಾತವಾದರೆ ಇದಕ್ಕೆ ಪೊಲೀಸ್ ಭಯವೂ ಸೇರುತ್ತದೆ. ಆ ಭಯಕ್ಕೆ ಈಗ ಕಾರಣವಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಮತ್ತು ಅದರಡಿಯ ನಿಯಮಗಳ ಪ್ರಕಾರ, ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲಿ ನಿಲ್ಲಿ.

ನನ್ನ ಗೂಟಗಳನ್ನು ಹೇಳುತ್ತೇನೆ. ಬುತ್ತಿಗೆ ಒಂದು ಜೋಳದ ರೊಟ್ಟಿ ಹೆಚ್ಚು ಕಟ್ಟಿಕೊಳ್ಳುವುದು ಒಂದು. ಸಂಜೆ ಚಪ್ಪಲಿ ಬಿಟ್ಟ ಮೇಲೆ, ಕೈಕಾಲು ತೊಳೆಯುವ ಮೊದಲು, ಗುಳೆ ಹೋಗಿ ಬೆಂಗಳೂರಲ್ಲಿ ಗಾರೆ ಕೆಲಸ ಮಾಡುವ ಓಣಿಯ ಹುಡುಗರಲ್ಲಿ ಒಬ್ಬನಿಗೆ ಫೋನ್ ಮಾಡುವುದು ಇನ್ನೊಂದು. ಎರಡೇ ನಿಮಿಷ, "ಉಂಡ್ಯೇನಪಾ?" ಎಂದು ಕೇಳಲು.

ಮೂರನೆಯದು ಪೆನ್ನು. ಪಿಂಚಣಿ ಬರುವ ವಾರ ಬ್ಯಾಂಕಿಗೆ ಹೋಗಿ ನೋಡಿ. ಹಣ ತೆಗೆಯುವ ಚೀಟಿ ಹಿಡಿದು ಮುದುಕಿಯರು ಒಬ್ಬೊಬ್ಬರ ಮುಖ ನೋಡುತ್ತ ನಿಂತಿರುತ್ತಾರೆ. ಯಾರ ಕಿಸೆಯಲ್ಲಿ ಪೆನ್ನು ಕಂಡರೆ ಅವರ ಬಳಿ, "ಯಪ್ಪಾ, ಇಷ್ಟ ಬರಕೊಡೋ." ನನ್ನ ಕಿಸೆಯಲ್ಲಿ ಈಗ ಎರಡು ಪೆನ್ನಿರುತ್ತವೆ. ಬ್ಯಾಂಕಿನ ಮೆಟ್ಟಿಲು ಹತ್ತುವುದೇ ಸುಳಿವು; ನನ್ನ ಕೆಲಸ ಮುಗಿದ ಮೇಲೆ ಒಂದು ಚೀಟಿ ಬರೆಯದೆ ಇಳಿಯುವುದಿಲ್ಲ.

ಮೊದಮೊದಲು ತಪ್ಪು ಮಾಡುತ್ತಿದ್ದೆ. ಪಾಸ್‌ಬುಕ್ ಇಸಿದುಕೊಂಡು ಸರಸರ ಬರೆದು ಕೈಗಿಟ್ಟುಬಿಡುತ್ತಿದ್ದೆ. ಒಮ್ಮೆ ಒಬ್ಬಾಕೆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ನನಗೆ ಕಾಣದ ಹಾಗೆ ಇನ್ನೊಬ್ಬರಿಗೆ ತೋರಿಸಿ, "ಎಷ್ಟಂತ ಬರದಾನ?" ಎಂದು ಕೇಳಿದಳು. ಅವಳ ದುಡ್ಡು, ಅವಳ ಭಯ. ತಿಂಗಳ ಅಕ್ಕಿ ಬೇಳೆ ಆ ಚೀಟಿಯಲ್ಲಿತ್ತು. ಅಂದಿನಿಂದ ಕ್ರಮ ಬದಲಾಯಿಸಿದೆ. ಮೊದಲು ಎಷ್ಟು ಬೇಕು ಎಂದು ಕೇಳುತ್ತೇನೆ. ಪಾಸ್‌ಬುಕ್ ಅವರ ಕೈಯಲ್ಲೇ ಇರುತ್ತದೆ, ನಂಬರು ನೋಡಿ ಬರೆಯುತ್ತೇನೆ. ಬರೆದಾದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತೇನೆ: "ಇಲ್ಲಿ ನಿಮ್ಮ ಹೆಸರು, ಇಲ್ಲಿ ಸಾವಿರದ ಇನ್ನೂರು." ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ. ಚೀಟಿ ಬರೆದದ್ದಕ್ಕಿಂತ ಆ ಅರ್ಧ ನಿಮಿಷವೇ ಅವರಿಗೆ ಹೆಚ್ಚು ಬೇಕಾಗಿರುತ್ತದೆ ಎಂದು ನನಗೆ ಅನಿಸಿದೆ.

ಉಪಕಾರ ಪಡೆಯುವವರು ಕುಗ್ಗಬಾರದು ಎಂಬ ಮಾತನ್ನು ನಮ್ಮ ಸೀಮೆಗೆ ಹೊರಗಿನವರು ಕಲಿಸಬೇಕಿಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಊರೂರಿನಿಂದ ಟ್ರ್ಯಾಕ್ಟರುಗಳಲ್ಲಿ ರೊಟ್ಟಿ ಬರುತ್ತವೆ. ಮನೆಮನೆಯಲ್ಲಿ ಬಡಿದ ಕಟಕ ರೊಟ್ಟಿ. ರೊಟ್ಟಿ ತಂದವರೇ ಪಂಗ್ತಿಯಲ್ಲಿ ಕೂತು ಉಣ್ಣುತ್ತಾರೆ. ನನ್ನ ಎಲೆಗೆ ಬಿದ್ದ ರೊಟ್ಟಿ ಯಾರ ಮನೆಯದೋ, ನಮ್ಮ ಮನೆಯ ರೊಟ್ಟಿ ಯಾರ ಎಲೆಗೋ. ಕೊಡುವವರು ಆ ಕಡೆ, ಬೇಡುವವರು ಈ ಕಡೆ ಎಂಬ ಗೆರೆಯೇ ಅಲ್ಲಿಲ್ಲ. ಹೊಲದಲ್ಲಿ ಮುಯ್ಯಾಳು ಇದೆ, ಅದೂ ಒಳ್ಳೆಯದೇ. ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಆದರೆ ಮುಯ್ಯಿಗೆ ಲೆಕ್ಕವಿರುತ್ತದೆ, ಗುರುತು ಬೇಕಾಗುತ್ತದೆ. ಅರವಟ್ಟಿಗೆಗೆ ಬರುವವನು ಮತ್ತೆ ಆ ದಾರಿಗೆ ಬರುತ್ತಾನೋ ಇಲ್ಲವೋ. ಅವ್ವ ಒಮ್ಮೆ ನಮ್ಮ ಗ್ಲಾಸಿನ ಸರಪಳಿ ತೆಗೆಸಿದ್ದು ಇದೇ ಕಾರಣಕ್ಕೆ ಇರಬೇಕು. ಎರಡು ಗ್ಲಾಸು ಕಳುವಾದ ಮೇಲೆ ಅಪ್ಪ ಕಟ್ಟಿದ್ದ. "ಕುಡಿಯಾಕ ಬಂದೋರಿಗೆ ಕಳ್ಳ್ರು ಅಂದಂಗ ಆಕೈತಿ" ಎಂದಳು. ಆಮೇಲೂ ಒಂದೆರಡು ಗ್ಲಾಸು ಹೋದವು. ಮತ್ತೊಂದು ಇಟ್ಟಳು.

ಇನ್ನು ಒಂದು ತೊಡಕು ಇದೆ, ಅದನ್ನು ಮುಚ್ಚಿಡಬಾರದು. ಕ್ಯಾಲಿಫೋರ್ನಿಯಾದ ಸೋನ್ಯಾ ಲ್ಯುಬೊಮಿರ್‌ಸ್ಕಿ ಮತ್ತು ಸಂಗಡಿಗರು 2005ರಲ್ಲಿ ಬರೆದ ಪ್ರಕಾರ, ವಾರಕ್ಕೆ ಐದು ಉಪಕಾರಗಳನ್ನು ಒಂದೇ ದಿನ ಮಾಡಿದವರ ಸಂತೋಷ ಆರು ವಾರದಲ್ಲಿ ಹೆಚ್ಚಿತು. ಅವೇ ಐದನ್ನು ವಾರವಿಡೀ ಹಂಚಿ ಮಾಡಿದವರದು ಹೆಚ್ಚಲಿಲ್ಲ. ದಿನವೂ ಮಾಡುವ ಸಣ್ಣ ಕೆಲಸ ಉಳಿದ ಕೆಲಸಗಳಲ್ಲಿ ಬೆರೆತು ಕಾಣದಂತಾಗುತ್ತದೆ, ಮನಸ್ಸಿಗೆ ಹಬ್ಬವಾಗುವುದಿಲ್ಲ. ನಿಜ. ಹರವಿ ತುಂಬುವಾಗ ಅವ್ವನ ಮುಖದಲ್ಲಿ ವಿಶೇಷ ಸಂತೋಷವನ್ನೇನೂ ನಾನು ಕಂಡಿಲ್ಲ. ನಿಮಗೆ ನಿಮ್ಮ ಸಂತೋಷವೇ ಗುರಿಯಾದರೆ ವಾರದಲ್ಲೊಂದು ದಿನ ಗೊತ್ತು ಮಾಡಿಕೊಳ್ಳಿ, ತಪ್ಪಿಲ್ಲ. ಆದರೆ ಬಾಯಾರಿಕೆ ಭಾನುವಾರಕ್ಕೆ ಕಾಯುವುದಿಲ್ಲ. ಹಣ್ಣು ಮಾರುವಾಕೆ ದಿನಾ ಬಿಸಿಲಲ್ಲಿ ಬರುತ್ತಾಳೆ. ರೂಢಿಯಾದ ಉಪಕಾರದಲ್ಲಿ ಮಾಡುವವನ ಖುಷಿ ತೆಳುವಾದರೂ ಪಡೆಯುವವನ ಪಾಲಿನ ನೀರು ತೆಳುವಾಗುವುದಿಲ್ಲ. ನನ್ನ ಮಟ್ಟಿಗೆ ದಿನದ ರೂಢಿಯೇ ಮೇಲು.

ಇದರ ಮಿತಿಯೂ ಗೊತ್ತಿರಲಿ. ವಾರ್ಡಿಗೆ ನೀರು ಬಿಡುವುದು ಆಡಳಿತದ ಹೊಣೆ, ಹರವಿ ಇಟ್ಟೆವೆಂದು ಆ ಪ್ರಶ್ನೆ ಕೇಳುವುದನ್ನು ಬಿಡಬಾರದು. ಹಾಗೆಯೇ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತ ರಾತ್ರಿ ನಿದ್ದೆಗೆಟ್ಟವರಿಗೆ ಇನ್ನೊಂದು ಉಪಕಾರದ ಭಾರ ಹೊರಿಸಬಾರದು. ಅವರ ಬಾಗಿಲಿಗೆ ಒಂದು ಡಬ್ಬಿ ಸಾರು ಒಯ್ಯುವುದು ನಮ್ಮ ಪಾಲಿನ ಕೆಲಸ.

ಅವ್ವ ಹೋಗಿ ಮೂರು ಬೇಸಿಗೆಗಳಾದವು. ಹರವಿ ಈಗ ನನ್ನ ಪಾಲಿಗೆ ಬಂದಿದೆ. ಮೊದಲ ವರ್ಷ ಎಷ್ಟೋ ದಿನ ಮರೆತೆ, ನಲ್ಲಿಯ ಸದ್ದಿಗೆ ಎಚ್ಚರವಾದರೂ ಮಗ್ಗುಲು ಬದಲಿಸಿ ಮಲಗಿದೆ. ಎರಡನೇ ವರ್ಷದ ಹೊತ್ತಿಗೆ ಕಾಲು ತಾನಾಗಿ ಏಳತೊಡಗಿತು. ಎರಡು ದಿನಕ್ಕೊಮ್ಮೆ ಹರವಿಯ ಒಳಗನ್ನು ತೆಂಗಿನ ನಾರಿನಿಂದ ಉಜ್ಜುತ್ತೇನೆ, ಹೊರಗೆ ಸೋಪು ಮುಟ್ಟಿಸುವುದಿಲ್ಲ. ಮಣ್ಣಿನ ಸಣ್ಣ ರಂಧ್ರ ಮುಚ್ಚಿದರೆ ನೀರು ಜಿನುಗುವುದಿಲ್ಲ, ಜಿನುಗಿ ಆವಿಯಾಗದಿದ್ದರೆ ತಂಪಾಗುವುದಿಲ್ಲ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖ ಎಳೆದುಕೊಂಡು ಹೋಗುತ್ತದೆ. ನಮ್ಮೂರಿನ ಒಣ ಗಾಳಿಗೆ ಅದು ಇನ್ನೂ ಚೆನ್ನಾಗಿ ನಡೆಯುತ್ತದೆ.

ಎದುರಿಗೆ ಪಂಕ್ಚರ್ ಅಂಗಡಿ ಇದೆ. ಅಲ್ಲಿ ಕೆಲಸಕ್ಕಿರುವ ಹುಡುಗ ದಿನಕ್ಕೆ ನಾಲ್ಕು ಸಲವಾದರೂ ಬಂದು ನೀರು ಕುಡಿಯುತ್ತಾನೆ, ಮಾತು ಕಡಿಮೆ. ಈ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಬಾಗಿಲು ತೆರೆದಾಗ ಹರವಿಯ ಪಕ್ಕ ಇನ್ನೊಂದು ಪಾತ್ರೆ ಇತ್ತು. ಎಣ್ಣೆ ಡಬ್ಬಿಯನ್ನು ಅರ್ಧಕ್ಕೆ ಕತ್ತರಿಸಿ, ಅಂಚು ಚುಚ್ಚದಿರಲೆಂದು ಹಳೇ ಸೈಕಲ್ ಟ್ಯೂಬು ಸೀಳಿ ಸುತ್ತಲೂ ಅಂಟಿಸಿದ್ದ. ಓಣಿಯ ಕಂದು ನಾಯಿ ಅದರಲ್ಲಿ ಬಾಯಿಟ್ಟು ಕುಡಿಯುತ್ತಿತ್ತು. ಅದನ್ನು ತುಂಬಿಸುವುದು ಅವನ ಪಾಳಿ. ಬೆಳಿಗ್ಗೆ ಅಂಗಡಿಯ ಶೆಟರ್ ಎತ್ತಿದ ಕೂಡಲೇ, ಟ್ಯೂಬು ಅದ್ದಿ ನೋಡುವ ತೊಟ್ಟಿಗೆ ನೀರು ತುಂಬುವ ಮೊದಲು, ಇಲ್ಲಿಗೆ ಒಂದು ಚೆಂಬು ತರುತ್ತಾನೆ.